ಸಾಹುಕಾರರ ಚಪ್ಪಲಿ ಎಣಿಕೆ

ಗೆಳೆಯರೇ, ನಮ್ಮ ಖೋಲಿಯಲ್ಲಿ ಎಷ್ಟು ಜನ ಇದ್ದಾರೆಂಬುದನ್ನು ಮಾಲೀಕರಾದ ಶರಣಪ್ಪ ಸಾಹುಕಾರರು ತಿಂಗಳಿಗೊಮ್ಮೆ ಹೊರಗೆ ಬಿಟ್ಟ ಚಪ್ಪಲಿ ಎಣಿಸಿ ತಿಳಿಯುತ್ತಾರೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಮೂವರಿಗೆ ಮಾತ್ರ ಕೊಟ್ಟ ಖೋಲಿ ಇದು.

ಇವತ್ತು ಬೆಳಿಗ್ಗೆ ಬಂದವರು ನಮ್ಮೊಂದಿಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಆಮೇಲೆ ಕೆಳಗೆ ಬಗ್ಗಿ ಎಣಿಸಿದರು.

"ಹೋದ ತಿಂಗಳ ಮೂರ್ ಜೋಡಿ ಇದ್ದವು, ಈಗ ನಾಕ ಅವ. ಒಬ್ಬನ್ನ ಹೆಚ್ಚಿಗಿ ಇಟ್ಕೊಂಡೀರಿ. ನಾಳಿಗೇ ಖೋಲಿ ಖಾಲಿ ಮಾಡ್ರಿ."

ನನ್ನ ಜೊತೆಗಾರ ಮಹಬೂಬ್ ತಣ್ಣಗೆ ಹೇಳಿದ: "ಆ ಹೊಸಾ ಜೋಡಿ ನಿಮ್ದೇ ಅದ ನೋಡ್ರಿ, ಸಾಹುಕಾರ್ರ."

ಸಾಹುಕಾರರು ಇಳಿದು ಕಾಲು ತೂರಿಸಿ ನೋಡಿದರು. ಸರಿಯಾಗಿ ಕೂತಿತು. ಎಲ್ಲರೂ ನಕ್ಕೆವು, ಅವರೂ ನಕ್ಕರು.

ಅಷ್ಟರಲ್ಲಿ ಮುಚ್ಚಿದ ಬಾಗಿಲ ಹಿಂದಿನಿಂದ ಗೊರಕೆ ಕೇಳಿಸಿತು. ರಾತ್ರಿ ಪಾಳಿ ಮುಗಿಸಿ ಬಂದ ಮಹಬೂಬನ ಭಾಮೈದ, ಚಪ್ಪಲಿಯನ್ನು ಹೊರಸಿನ ಕೆಳಗೆ ಬಚ್ಚಿಟ್ಟು ಮಲಗಿದ್ದ.

"ಚಪ್ಪಲಿ ಒಳಗ ಇಟ್ಟೀರಿ. ಗೊರಕಿ ಎಲ್ಲಿ ಇಡ್ತೀರಿ?" ಎಂದ ಸಾಹುಕಾರರು ಮತ್ತೆ ಕಟ್ಟೆ ಹತ್ತಿ ಇನ್ನೊಂದು ಕಪ್ ಚಹಾ ಕೇಳಿದರು.

ಖಾಲಿ ಮಾಡುವ ಮಾತು ಅಲ್ಲಿಗೇ ನಿಂತಿತು. ಮುಂದಿನ ತಿಂಗಳಿಂದ ಎಣಿಸಲಿಕ್ಕೆ ನಾವೆಲ್ಲ ಮಲಗಿದ ಮೇಲೆಯೇ ಬರುತ್ತಾರಂತೆ.