ಅರಫಾತ್‌ಗೆ ಇನ್ನು ನಾಲ್ಕು ದಿನ

ನಮ್ಮ ಮದುರಾ ದ್ವೀಪದ ಉಪ್ಪಿನಗದ್ದೆಗಳಲ್ಲಿ ನಲವತ್ತು ವರ್ಷ ಉಪ್ಪು ಗೋರಿದವಳು ಜುಹೈರಿಯಾ. ಗಂಡ ಸತ್ತ ವರ್ಷವೇ ಹಜ್‌ಗೆ ಹೆಸರು ಬರೆಸಿದಳು. ಸರದಿ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ, ಉಬ್ಬಸ ಎರಡೂ ಅಂಟಿಕೊಂಡಿದ್ದವು. ಒಬ್ಬಳೇ ಕಾಯೋದು ಬೇಜಾರು ಅಂತ ಇವೂ ಜೊತೆಗೆ ಬಂದಿವೆ ಎಂದು ನಗುತ್ತಿದ್ದಳು. ಹೊರಡುವ ಮುಂಚಿನ ಆರೋಗ್ಯ ತಪಾಸಣೆಯ ದಿನ ಸಕ್ಕರೆಯನ್ನು ಒಪ್ಪಿಕೊಂಡಳು, ಉಬ್ಬಸದ ಮಾತೆತ್ತಲಿಲ್ಲ.

ಮೆಕ್ಕಾದಲ್ಲಿ ನಾವು ಐದು ಜನ ಹೆಂಗಸರು ಒಂದೇ ಕೋಣೆಯಲ್ಲಿದ್ದೆವು. ಒಬ್ಬಳಿಗೆ ಬಂದ ಕೆಮ್ಮು ಮೂರೇ ದಿನದಲ್ಲಿ ಎಲ್ಲರಿಗೂ ಹಬ್ಬಿತು. ಹಜ್‌ನಲ್ಲಿ ಕೆಮ್ಮದೆ ಇರುವುದು ಒಂಟೆ ಮಾತ್ರ ಎಂದು ನಮ್ಮವರು ತಮಾಷೆ ಮಾಡುತ್ತಾರೆ. ನಮಗೆಲ್ಲ ಇಳಿದ ಕೆಮ್ಮು ಜುಹೈರಿಯಾಳ ಎದೆಯಲ್ಲಿ ಕೂತುಬಿಟ್ಟಿತು. ಒಂದು ಮಾತಿಗೆ ಎರಡು ಸಲ ಉಸಿರೆಳೆಯುತ್ತಿದ್ದಳು.

ಅರಫಾತ್ ಬಯಲಿಗೆ ಹೋಗಲು ಇನ್ನು ನಾಲ್ಕು ದಿನವಿತ್ತು. ಆ ಬಯಲಲ್ಲಿ ಆ ದಿನ ಇರದಿದ್ದರೆ ಹಜ್ ಹಜ್ಜೇ ಅಲ್ಲ. ಡಾಕ್ಟರಿಗೆ ಹೇಳೋಣ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಹೇಳಿದ್ರೆ ಆಸ್ಪತ್ರೇಲಿ ಮಲಗಿಸ್ತಾರಕ್ಕಾ. ಎಲ್ರೂ ಅರಫಾತಲ್ಲಿರೋವಾಗ ನಾನು ಗೋಡೆ ನೋಡ್ಕೊಂಡು ಬಿದ್ದಿರ್ಬೇಕಾ? ನಾಲ್ಕು ದಿನ ಬಾಯಿ ಮುಚ್ಕೊಂಡಿರು, ನಿನ್ನ ದಮ್ಮಯ್ಯ."

ಮುಚ್ಚಿಕೊಂಡೆ. ನಮ್ಮ ತಂಡದ ಡಾಕ್ಟರಮ್ಮ ಬಾಗಿಲಲ್ಲಿ ನಿಂತು, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಹತ್ತಿದೆ ಎಂದವಳು ನಾನೇ. ಶುಂಠಿ ನೀರು ಕಾಯಿಸಿ ಕೊಟ್ಟೆ, ಬೆನ್ನು ನೀವಿದೆ. ಮೂರನೆಯ ಬೆಳಗ್ಗೆ ಅವಳ ತುಟಿ ನೀಲಿಗಟ್ಟಿತ್ತು. ಆಗ ಓಡಿದೆ.

ಎದೆಯ ಎರಡೂ ಕಡೆ ನ್ಯುಮೋನಿಯಾ ಎಂದರು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮೊದ್ಲೇ ಯಾಕಮ್ಮ ಹೇಳ್ಲಿಲ್ಲ? ಹುಷಾರಿಲ್ಲದವ್ರನ್ನ ನಾವೇ ಗಾಡೀಲಿ ಮಲಗಿಸ್ಕೊಂಡು ಅರಫಾತ್‌ಗೆ ಕರ್ಕೊಂಡ್ ಹೋಗ್ತೀವಲ್ಲ."

ಈಗ ಕರೆದುಕೊಂಡು ಹೋಗಿ ಎಂದೆ. ಈಗ ಅವಳನ್ನು ಅಲುಗಿಸುವ ಹಾಗಿಲ್ಲ ಎಂದರು.

ಊರಿನ ಹಜ್ ತರಬೇತಿಯಲ್ಲಿ ಇದನ್ನು ಹೇಳಿದ್ದರೋ ಏನೋ. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆವು.

ನಾವು ಬಯಲಲ್ಲಿ ಕೈಯೆತ್ತಿ ಬೇಡುತ್ತಿದ್ದ ಮಧ್ಯಾಹ್ನವೇ ಅವಳು ಆಸ್ಪತ್ರೆಯಲ್ಲಿ ತೀರಿಹೋದಳು. ಮೆಕ್ಕಾದ ಮಣ್ಣಿಗೇ ಇಟ್ಟರು.

ಊರಿಗೆ ಬಂದ ಮೇಲೆ ಅವಳ ಮಗಳು ಲುತ್ಫಿಯಾಳ ಮನೆಗೆ ಹೋದೆ. ಆ ಮಣ್ಣು ಎಲ್ಲರಿಗೂ ಸಿಗುತ್ತದೆಯೇ, ಅಮ್ಮ ಅದೃಷ್ಟವಂತೆ ಎಂದು ಬಂದವರೆಲ್ಲ ಹೇಳಿ ಹೋಗಿದ್ದರಂತೆ. ನಡೆದದ್ದನ್ನೆಲ್ಲ ನಾನು ಹೇಳಿದ ಮೇಲೆ ಅವಳು ಕೇಳಿದಳು.

"ಮೊದ್ಲೇ ತೋರಿಸಿದ್ರೆ ಅರಫಾತ್‌ಗೆ ಹೋಗ್ತಿದ್ಲಾ, ದೊಡ್ಡಮ್ಮ?"

"ಹೋಗ್ತಿದ್ಲು ಕಣೇ," ಎಂದೆ.

ಅವಳು ತಲೆಯಾಡಿಸಿ, ನನಗೆ ಟೀ ಕಾಯಿಸುತ್ತೇನೆಂದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.