ರಾಯರು ಟೆಂಟು ಕಿತ್ತ ಸಂಜೆ

ಮೊನ್ನೆ ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಮುಂದಿನ ಸೀಟಿನ ಹೆಂಗಸೊಬ್ಬರು ಚೀಲದಿಂದ ಪುಟ್ಟ ಶೀಸೆ ತೆಗೆದು ಮಗುವಿನ ಕೈಕಾಲಿಗೆ ಏನೋ ಎಣ್ಣೆ ಸವರಿದರು. ನಿಂಬೆಹುಲ್ಲಿನ ಘಾಟು ಬಸ್ಸೆಲ್ಲ ತುಂಬಿಕೊಂಡಿತು. ಕಂಡಕ್ಟರ್ ಸೀನಿದ. ನನಗೆ ಮಾತ್ರ ನಗು ಬಂತು. ನೀವು ಪಕ್ಕದಲ್ಲಿದ್ದಿದ್ದರೆ ಯಾಕೆಂದು ಕೇಳುತ್ತಿದ್ದಿರಿ, ನಾನೂ ಹಾಸನ ಬರುವವರೆಗೆ ಬಿಡದೆ ಕೊರೆಯುತ್ತಿದ್ದೆ. ಪಕ್ಕದಲ್ಲಿದ್ದವರು ನನ್ನ ಭುಜದ ಮೇಲೆ ನಿದ್ದೆ ಹೋಗಿದ್ದರಿಂದ ಆ ಕಷ್ಟ ಈಗ ನಿಮ್ಮ ಪಾಲಿಗೆ ಬಂದಿದೆ.

ಆ ವಾಸನೆ ನನ್ನ ಷಡ್ಡಕ ಪದ್ಮನಾಭರಾಯರದು. ನನ್ನ ಹೆಂಡತಿ ಸುಮಿತ್ರೆಯ ಅಕ್ಕ ವಿಮಲತ್ತಿಗೆಯ ಯಜಮಾನರು. ಹೆಂಡತಿಯನ್ನಾದರೂ ಒಮ್ಮೆ ನೋಡಿ ಒಪ್ಪಿಕೊಳ್ಳಬಹುದು. ಷಡ್ಡಕ ಎನ್ನುವವರು ಸಾಮಾನಿನ ಜೊತೆ ಬರುವ ಉಚಿತ ಕೊಡುಗೆ. ಬೇಡ ಎನ್ನುವಂತಿಲ್ಲ, ವಾಪಸು ಕೊಡುವಂತೆಯೂ ಇಲ್ಲ.

ರಾಯರು ಹಾಸನದ ಕಚೇರಿಯೊಂದರಲ್ಲಿ ಮೇಲಧಿಕಾರಿಯಾಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೆಲವರಿಗೆ ದೈವಭಕ್ತಿ ಹತ್ತಿಕೊಳ್ಳುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ರಾಯರಿಗೆ ಪ್ರಕೃತಿ ಹತ್ತಿಕೊಂಡಿತು. ಕೈಕೆಳಗಿನ ನೌಕರರೆಲ್ಲ ತಪ್ಪಿಸಿಕೊಂಡಿದ್ದರಿಂದ ಅವರು ಗಿಡಮರ, ಹೊಳೆ, ಬೆಟ್ಟಗಳನ್ನೇ ತಮ್ಮ ಉಸ್ತುವಾರಿಗೆ ತೆಗೆದುಕೊಂಡರು. ಒಮ್ಮೆ ನಾವೆಲ್ಲ ಶ್ರವಣಬೆಳಗೊಳದ ಬೆಟ್ಟ ಹತ್ತುವಾಗ ಮೆಟ್ಟಿಲ ಪಕ್ಕ ಬಿದ್ದಿದ್ದ ಚಾಕೊಲೇಟು, ಚಿಪ್ಸಿನ ಕಾಗದಗಳನ್ನೆಲ್ಲ ಹೆಕ್ಕುತ್ತಾ ಬಂದರು. ಹೆಕ್ಕಿದ್ದು ಒಳ್ಳೆಯದೇ. ಆದರೆ ಅವರ ಜುಬ್ಬಕ್ಕೆ ಜೇಬಿರಲಿಲ್ಲ. ಅಷ್ಟನ್ನೂ ನನ್ನ ಜೇಬಿಗೆ ತುರುಕಿದರು. ಮೇಲೆ ಹೋಗಿ ಭಕ್ತಿಯಿಂದ ಬಗ್ಗಿದರೆ ನಾನು ಕರಿದ ಹಪ್ಪಳದ ಹಾಗೆ ಚರಚರ ಸದ್ದು ಮಾಡಿದೆ. ಅಕ್ಕಪಕ್ಕದ ಯಾತ್ರಿಕರು ತಿರುಗಿ ನೋಡಿದರು.

"ಪ್ರಕೃತಿ ಮಡಿಲಿಗೆ ಹೋಗಬೇಕು ಮೇಷ್ಟ್ರೇ. ಆದ್ರೆ ಹೋಗಿದ್ವಿ ಅನ್ನೋ ಗುರುತೇ ಅಲ್ಲಿ ಉಳಿಯಬಾರದು" ಎನ್ನುವುದು ಶಾಲೆ ಮೇಷ್ಟರಾದ ನನಗೆ ಅವರು ಒಪ್ಪಿಸುವ ಧ್ಯೇಯವಾಕ್ಯ. ಗುರುತು ಉಳಿಸದೆ ಹೋಗಿಬರಲು ಏನೇನು ಬೇಕು ಎನ್ನುವ ಕಲ್ಪನೆ ನಿಮಗಿರಲಾರದು. ಟೆಂಟು, ಮಡಚುವ ಕುರ್ಚಿ, ಮಡಚುವ ಮೇಜು, ಮಡಚಿದರೆ ಮತ್ತೆ ಬಿಚ್ಚಲಾಗದ ಒಲೆ, ಬಿದಿರಿನ ಚಮಚ, ತೆಂಗಿನ ನಾರಿನ ಬ್ರಷ್ಷು. ಒಂದೊಂದೂ ಪ್ಲಾಸ್ಟಿಕ್ ಕವರಿನೊಳಗೆ, ಆ ಕವರು ರಟ್ಟಿನ ಡಬ್ಬದೊಳಗೆ, ಆ ಡಬ್ಬ ಮತ್ತೊಂದು ಪ್ಲಾಸ್ಟಿಕ್ಕಿನೊಳಗೆ ಮನೆಗೆ ಬಂದವು. ವಿಮಲತ್ತಿಗೆಯ ಉಗ್ರಾಣದಲ್ಲಿ ಅಕ್ಕಿಡಬ್ಬಕ್ಕೆ ಜಾಗ ಉಳಿಯಲಿಲ್ಲ. ಅತ್ತಿಗೆ ಏನೂ ಅನ್ನಲಿಲ್ಲ. ಅವರು ರುದ್ರಪಟ್ಟಣದವರು, ಸಂಗೀತದ ಮನೆಯಲ್ಲಿ ಬೆಳೆದವರು. ತಾಳ ತಪ್ಪಿದಾಗ ಮಾತ್ರ ಬಾಯಿ ಬಿಡುವ ಪೈಕಿ.

ಇಷ್ಟೆಲ್ಲ ಸಾಮಾನು ಬಂದ ಮೇಲೆ ಶಿಬಿರ ಹೂಡದೆ ಇರಲಾದೀತೆ? ಕೆಲವು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ರಾಯರು ಒಂದು 'ಮಾದರಿ ಕುಟುಂಬ ಶಿಬಿರ' ಘೋಷಿಸಿದರು. ರುದ್ರಪಟ್ಟಣದ ಬಳಿ ಕಾವೇರಿ ದಂಡೆಯಲ್ಲಿ ಅವರೂ ಅತ್ತಿಗೆಯೂ ನಾನೂ ಸುಮಿತ್ರೆಯೂ ಒಂದು ರಾತ್ರಿ ಕಳೆಯುವುದು. ಮರುದಿನ ಬೆಳಿಗ್ಗೆ ಹಾಸನದಿಂದ ಅವರ ಪರಿಸರ ಬಳಗದವರು ಕ್ಯಾಮೆರಾ ಸಮೇತ ಬಂದು ಮಾದರಿಯನ್ನು ಕಣ್ಣಾರೆ ನೋಡುವುದು. ಆಮೇಲೆ ಆ ಚಿತ್ರಗಳನ್ನು ತೋರಿಸುತ್ತಾ ರಾಯರು ಊರೂರಲ್ಲಿ ಭಾಷಣ ಮಾಡುವುದು. ಫ್ಯಾನಿಲ್ಲದೆ ನಿದ್ದೆ ಬಾರದ, ಚಾಪೆಯಲ್ಲಿ ಮಲಗಿದರೆ ಏಳಲು ಇಬ್ಬರ ಸಹಾಯ ಬೇಕಾದ ನಾನು ಒಪ್ಪಿದ್ದಕ್ಕೆ ಒಂದೇ ಕಾರಣ: ನಮ್ಮಿಬ್ಬರ ಅತ್ತೆ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು.

ತೊಡಕೂ ಅದೇ. ನಮ್ಮತ್ತೆ ಹಳೆಯ ಕಾಲದವರು. ಹಿರಿಯ ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ಏನಿದ್ದರೂ ಮಗಳ ಮೂಲಕ. ಅಂದು ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ನಾವು ಹೊರಟಾಗ ಹೊಸ್ತಿಲಿಗೆ ಅಡ್ಡ ನಿಂತರು. ರಾಯರು ಎದುರಿಗೇ ಇದ್ದರು.

"ವಿಮಲಾ, ಇಲ್ಲಿ ಏನು ಕಡಿಮೆಯಾಯ್ತಂತೆ ಕೇಳು. ಅಳಿಯಂದಿರಿಬ್ರೂ ಹೊಳೆ ದಂಡೇಲಿ ಮಲಗಿದ್ರೆ ಊರು ಏನನ್ನುತ್ತೆ? ಅತ್ತೆ ಆಚೆಗೆ ಹಾಕಿದ್ಳು ಅನ್ನಲ್ವಾ?"

"ವಿಮಲಾ, ಇದು ಪರಿಸರದ ಜೊತೆ ಇರೋಕೆ ಅಂತ ಅಮ್ಮಂಗೆ ಹೇಳು."

"ಪರಿಸರ ನಮ್ಮ ಹಿತ್ತಲಲ್ಲೂ ಇದೆ ಅಂತ ಹೇಳು. ಪಕ್ಕದಲ್ಲೇ ಬಚ್ಚಲೂ ಇದೆ."

ಅತ್ತಿಗೆ ಮಡಚುವ ಕುರ್ಚಿ ಎತ್ತಿಕೊಂಡು ನಡೆದರು.

ಹೊಳೆ ಸೊರಗಿ ಒಂದು ಬದಿಗೆ ಸರಿದಿತ್ತು. ಹೊಲಕ್ಕೂ ನೀರಿಗೂ ನಡುವೆ ನುಣ್ಣನೆ ಕಲ್ಲುಗಳು ಹರಡಿದ ಬಯಲು. ಅಲ್ಲಿ ಟೆಂಟು ಬಿಚ್ಚಿದ್ದೇ ತಡ, ಎಲ್ಲಿಂದಲೋ ಉದ್ದ ಕಾಲಿನ ಒಂದು ಹಕ್ಕಿ ಎದ್ದು ತಲೆಯ ಮೇಲೆ ಸುತ್ತುತ್ತಾ ಕಿರುಚತೊಡಗಿತು. "ಟಿಟ್ಟಿಭ! ಸ್ವಾಗತ ಮಾಡ್ತಿದೆ ನೋಡಿ!" ಎಂದು ರಾಯರು ಟೋಪಿ ತೆಗೆದು ನಮಸ್ಕರಿಸಿ, ಆ ಕೂಗನ್ನು ಮೊಬೈಲಿನಲ್ಲಿ ಹಿಡಿದರು. ನಮ್ಮೆಲ್ಲರ ಕೈಕಾಲಿಗೆ ತಾವೇ ಕಾಯಿಸಿ ಇಳಿಸಿದ ನಿಂಬೆಹುಲ್ಲಿನ ಎಣ್ಣೆ ಬಳಿದರು. ಸೊಳ್ಳೆ ಹತ್ತಿರ ಬರುವುದಿಲ್ಲವಂತೆ. ಸುಮಿತ್ರೆಯೂ ನನ್ನಿಂದ ದೂರ ಹೋಗಿ ಕೂತಳು.

ಪಕ್ಕದ ಹೊಲದ ಜವರಯ್ಯ ಬದುವಿನ ಮೇಲೆ ಬಂದು ನಿಂತ.

"ಯಾರ್ ಸಾ ನೀವು? ಮರಳು ಸರ್ವೆಯೋರಾ?"

"ಅಲ್ಲಪ್ಪ. ಪ್ರಕೃತಿ ಜೊತೆ ಒಂದು ದಿನ ಇರೋಣ ಅಂತ ಬಂದ್ವಿ."

"ಇರಿ ಸಾ, ಯಾರ್ ಬ್ಯಾಡ ಅಂದ್ರು. ಮನೆ ಗಿನೆ ಇಲ್ವಾ?"

"ಇದೆಯಪ್ಪ, ಹಾಸನದಲ್ಲಿ. ಮಹಡಿ ಮನೆ."

"ಮತ್ಯಾಕ್ ಸಾ ಈ ಪಾಡು?" ಎಂದು ಜವರಯ್ಯ ನಿಜವಾಗಿಯೂ ಮರುಗಿದ. ಆಮೇಲೆ ಮೇಲೆ ನೋಡಿ, "ಈ ಅಕ್ಕಿ ಯಾಕಿಂಗೆ ಬಡ್ಕತಾ ಐತೆ? ತಲೆ ಚಿಟ್ಟಿಡೀತು ಕಣ್ ಸಾ" ಎಂದು, ಕೈಯಲ್ಲಿದ್ದ ಔಷಧಿಯ ಖಾಲಿ ಡಬ್ಬಿಯನ್ನು ಹೊಳೆಗೆ ಎಸೆದ.

ರಾಯರು ಹೌಹಾರಿದರು. "ಅಯ್ಯೋ, ಹೊಳೆಗೆ ಹಾಕ್ತೀಯಲ್ಲಪ್ಪ!"

"ಒಳೆ ಒತ್ಕಂಡ್ ಓಯ್ತದೆ ಬುಡಿ ಸಾ."

"ಎಲ್ಲಿಗೆ?"

"ಮುಂದ್ಲೂರ್ಗೆ."

ರಾಯರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದೇಬಿಟ್ಟರು. ಡಬ್ಬಿ ಸಿಕ್ಕಿತು. ಬಲಗಾಲಿನ ಚಪ್ಪಲಿ ಕೆಸರಿನಲ್ಲಿ ಬಿಟ್ಟುಕೊಂಡು ತೇಲಿ ಮುಂದಲೂರಿಗೆ ಹೊರಟಿತು. ಅದನ್ನು ನೋಡಿ ಜವರಯ್ಯನೂ ನಾನೂ ಒಟ್ಟಿಗೆ ನಕ್ಕೆವು. ರಾಯರು ಒಂಟಿ ಚಪ್ಪಲಿಯಲ್ಲೇ ಬಂದು ಶಿಬಿರದ ಕೆಲಸ ಮುಂದುವರಿಸಿದರು.

ಹಕ್ಕಿಯ ಸ್ವಾಗತ ಮಾತ್ರ ಮುಗಿಯಲಿಲ್ಲ. ಟೆಂಟಿನೊಳಗೆ ಒಂದು ಕೋಳಿನಿದ್ದೆ ತೆಗೆಯೋಣವೆಂದು ಮಲಗಿದ ನನಗೆ ಆ ಕೂಗು ಕಿವಿಗೆ ಕಡ್ಡಿ ಹಾಕಿದ ಹಾಗಾಯಿತು. ಹೊರಗೆ ಬಂದರೆ ಅದು ರಾಯರ ಟೋಪಿಗೇ ಎರಗುತ್ತಿತ್ತು. ಅಷ್ಟರಲ್ಲಿ ಅತ್ತೆ ಸ್ಟೀಲ್ ಕ್ಯಾರಿಯರ್ ಹಿಡಿದು ಬಂದರು. ಅಳಿಯಂದಿರು ಬಿದಿರಿನ ಚಮಚ ತಿಂದು ಬದುಕಲಾರರೆಂದು ಅವರಿಗೆ ಗೊತ್ತಿತ್ತು. ಆ ಊರಿನಲ್ಲಿ ಬೆಕ್ಕು ಕೂಗಿದರೂ ಶ್ರುತಿ ನೋಡುತ್ತಾರೆ. ಅತ್ತೆ ಒಂದು ಕ್ಷಣ ಕಿವಿಗೊಟ್ಟು, "ವಿಮಲಾ, ಇದು ಹಾಡೋ ಗಂಟಲಲ್ಲ ಕಣೇ. ಅಳೋ ಗಂಟಲು" ಎಂದರು.

ಅತ್ತಿಗೆ ಆಗ ಒಲೆ ಇಡಲು ಸಮಜಾಗ ಹುಡುಕುತ್ತಿದ್ದರು. ಎತ್ತಿದ ಕಾಲು ಎತ್ತಿದ ಹಾಗೇ ನಿಂತರು.

"ರೀ, ಯಾರೂ ಅಲ್ಲಾಡಬೇಡಿ."

ಟೆಂಟಿನ ಹಗ್ಗ ಕಟ್ಟಿದ್ದ ಕಬ್ಬಿಣದ ಗೂಟದಿಂದ ಒಂದು ಗೇಣು ಆಚೆ, ಕಲ್ಲುಗಳ ನಡುವೆ ನಾಲ್ಕು ಮೊಟ್ಟೆಗಳಿದ್ದವು. ಗೂಡಿಲ್ಲ, ಹುಲ್ಲಿಲ್ಲ, ಬರೀ ನೆಲ. ಮಣ್ಣುಬಣ್ಣದ ಮೇಲೆ ಕರಿ ಮಚ್ಚೆ. ಅವು ಕಲ್ಲಲ್ಲ ಎಂದು ತಿಳಿಯಲು ನಾನು ಎರಡು ಸಲ ನೋಡಬೇಕಾಯಿತು. ನಾವು ಅದೆಷ್ಟು ಸಲ ಅದರ ಪಕ್ಕದಲ್ಲೇ ತುಳಿದಾಡಿದ್ದೆವೋ! ಸ್ವಲ್ಪ ದೂರದಲ್ಲಿ ಇನ್ನೊಂದು ಹಕ್ಕಿ ನಿಂತಿತ್ತು. ಅದರ ಹೊಟ್ಟೆಯ ಗರಿ ಒದ್ದೆಯಾಗಿ ನೀರು ತೊಟ್ಟಿಕ್ಕುತ್ತಿತ್ತು. ಎರಡು ಹೆಜ್ಜೆ ಮುಂದೆ ಬರುವುದು, ನಮ್ಮನ್ನು ನೋಡುವುದು, ಹಿಂದೆ ಓಡುವುದು.

ರಾಯರ ಮುಖ ಇಳಿದುಹೋಯಿತು. "ಹೊಳೇಲಿ ಹೊಟ್ಟೆ ನೆನೆಸ್ಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ" ಎಂದರು ಪಿಸುದನಿಯಲ್ಲಿ. "ಇಲ್ದಿದ್ರೆ ಈ ಬಿಸಿಲಿಗೆ ಬೆಂದೇ ಹೋಗ್ತವೆ. ಪುಸ್ತಕದಲ್ಲಿ ಓದಿದ್ದೆ. ಎಲ್ಲಾ ಓದಿದ್ದೆ ಮೇಷ್ಟ್ರೇ."

"ಅದು ಸ್ವಾಗತ ಅಲ್ಲ ಕಣ್ರೀ" ಎಂದರು ಅತ್ತಿಗೆ. ಅಷ್ಟೇ. ಆ ದಿನ ಅವರು ಗಂಡನಿಗೆ ಹೇಳಿದ ಎರಡನೆಯ ಮಾತು ಅದು.

ನಾನು ಮೊಬೈಲ್ ಹೊರತೆಗೆದೆ. "ಒಂದು ಫೋಟೋ ತೆಗೀತೀನಿ ರಾಯರೇ. ನಾಳೆ ನಿಮ್ಮ ಬಳಗದವರಿಗೆ ತೋರಿಸಬಹುದು."

ಅವರು ಅಂಗೈಯಿಂದ ಮೊಬೈಲನ್ನು ಮುಚ್ಚಿದರು. "ಬೇಡ. ಮೊದಲು ಇಲ್ಲಿಂದ ಏಳೋಣ."

ಟೆಂಟು ಹಾಕುವಾಗ ಅಪ್ಪಣೆಗಳನ್ನು ಕೂಗಿ ಕೂಗಿ ಹೇಳಿದ್ದವರು ಅದನ್ನು ಕೀಳುವಾಗ ತಾವೇ ಕೈಹಾಕಿದರು. ಮೊಟ್ಟೆಯ ಪಕ್ಕದ ಗೂಟವನ್ನು ಮಂಡಿಯೂರಿ ಕೂತು, ಸುತ್ತಲ ಕಲ್ಲು ಅಲುಗದ ಹಾಗೆ, ಬರಿಗೈಯಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ತೆಗೆದರು. ಬೆರಳು ತರಚಿ ರಕ್ತ ಬಂತು. ಹಕ್ಕಿ ಅವರ ತಲೆಯ ಮೇಲೆ ಎರಗುತ್ತಲೇ ಇತ್ತು. ಅವರು ತಲೆ ತಗ್ಗಿಸಿಕೊಂಡು ಆ ಬೈಗುಳವನ್ನೆಲ್ಲ ಕೇಳಿಸಿಕೊಂಡರು. ಗಂಟುಮೂಟೆ ಹೊತ್ತು ನಾವೆಲ್ಲ ಮೇಲಿನ ಹುಣಿಸೆಮರದ ಕೆಳಗೆ ಬಂದು ಕೂತೆವು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒದ್ದೆ ಹೊಟ್ಟೆಯ ಹಕ್ಕಿ ಓಡಿತು, ನಿಂತಿತು, ಮತ್ತೆ ಓಡಿತು. ಕಲ್ಲುಗಳ ನಡುವೆ ಮೆಲ್ಲಗೆ ಕೂತಿತು. ಕೂಗು ನಿಂತಿತು. ಹೊಳೆ ಹರಿಯುವ ಸದ್ದು ಅಷ್ಟು ಹೊತ್ತೂ ಇತ್ತೆನ್ನುವುದು ಆಗ ನಮಗೆ ಗೊತ್ತಾಯಿತು.

ಅತ್ತೆ ಕ್ಯಾರಿಯರ್ ಎತ್ತಿಕೊಂಡರು. ಮಗಳ ಕಡೆ ತಿರುಗಲಿಲ್ಲ. "ಬನ್ನಿ" ಎಂದರು ರಾಯರಿಗೇ ನೇರವಾಗಿ. "ಕೈಗೆ ಅರಿಶಿನ ಹಾಕ್ತೀನಿ. ಊಟ ಮನೇಲೇ ಮಾಡೋಣ."

ಮನೆಗೆ ಬಂದು ಜಗಲಿಯ ಮೇಲೆ ಕೂತು ರಾಯರು ಬಳಗದ ಕಾರ್ಯದರ್ಶಿಗೆ ಫೋನ್ ಮಾಡಿದರು. "ನಾಳೆ ಬರಬೇಡಿ. ಶಿಬಿರ ಇಲ್ಲ... ಹೊಟ್ಟೆ ಕೆಟ್ಟುಬಿಟ್ಟಿದೆ... ಹೂಂ, ತಡೀಲಿಲ್ಲ, ಅತ್ತೆ ಮನೆಗೆ ಬಂದ್ಬಿಟ್ವಿ." ಆ ಕಡೆಯ ನಗು ನನಗೂ ಕೇಳಿಸಿತು.

"ಇದ್ದದ್ದು ಹೇಳಬಹುದಿತ್ತಲ್ಲ?" ಎಂದೆ.

"ಹೇಳಿದ್ರೆ ಬೆಳಕು ಹರಿಯೋ ಮುಂಚೆ ಅಷ್ಟೂ ಜನ ಕ್ಯಾಮೆರಾ ಹಿಡ್ಕೊಂಡು ಮೊಟ್ಟೆ ಸುತ್ತ ಕೂತಿರ್ತಾರೆ. ಪರಿಸರಪ್ರೇಮಿಗಳು ಮೇಷ್ಟ್ರೇ. ನನಗೆ ಗೊತ್ತಿಲ್ವೆ? ನಾನೂ ಒಬ್ಬ."

ಮುಂದಿನದನ್ನು ಅತ್ತೆ ನೋಡಿಕೊಂಡರು. ಆ ಕಲ್ಲುಬಯಲಿನಲ್ಲಿ ಹೆಡೆ ಎತ್ತಿದ ನಾಗರಹಾವನ್ನು ತಾವೇ ಕಂಡಿದ್ದಾಗಿ ಊರಿಗೆಲ್ಲ ಸಾರಿದರು. ಜವರಯ್ಯ ಸೈತ ಆ ಕಡೆ ಸುಳಿಯಲಿಲ್ಲ. ಕೆಲವು ವಾರಗಳ ನಂತರ ನಾನು ರಾಯರ ಮನೆಯಲ್ಲಿದ್ದಾಗಲೇ ಅತ್ತೆಯ ಫೋನು ಬಂತು, ಅದೂ ಅಳಿಯನಿಗೇ. "ಮರಿಯಾಯ್ತು. ಹುಟ್ಟಿದ ದಿನವೇ ಓಡಾಡ್ತಿವೆ. ಕಲ್ಲುಗಳೇ ಎದ್ದು ನಡೆದ ಹಾಗೆ ಕಾಣ್ತು ನಂಗೆ." ರಾಯರು "ಆಗಲಮ್ಮ" ಎಂದರು. ಫೋನಿಟ್ಟ ಮೇಲೂ ಇನ್ನೊಂದು ಸಲ "ಆಗಲಮ್ಮ" ಎಂದರು.

ಇಷ್ಟೆಲ್ಲ ಆಯಿತೆಂದು ರಾಯರು ಬದಲಾದರೆಂದುಕೊಳ್ಳಬೇಡಿ. ಈಗಲೂ ಮದುವೆಮನೆಯಲ್ಲಿ ನಮ್ಮ ಎಲೆಯ ತುದಿಯಲ್ಲಿ ಉಳಿದ ಅನ್ನದ ಬಗ್ಗೆ ಉಪನ್ಯಾಸ ಕೊಡುತ್ತಾರೆ. ಮೊನ್ನೆ ನಾನು ಬಸ್ಸು ಹತ್ತಿದ್ದೂ ಅವರ ಭಾಷಣಕ್ಕೇ. ಸಭೆಯಲ್ಲಿ ಖಾಲಿ ಕುರ್ಚಿ ಕಾಣಬಾರದೆಂದು ಸುಮಿತ್ರೆಯ ಆಜ್ಞೆಯಾಗಿತ್ತು. ಕಾರ್ಯದರ್ಶಿ ಅವರನ್ನು ಪರಿಚಯಿಸುತ್ತಾ, "ಟೆಂಟಿನಲ್ಲಿ ಒಂದು ರಾತ್ರಿಯೂ ಮಲಗದೆ ಟೆಂಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ, ಹೊಟ್ಟೆ ಕೆಟ್ಟರೆ ಅತ್ತೆ ಮನೆ ಹುಡುಕಬಲ್ಲ ನಮ್ಮ ರಾಯರು" ಎಂದರು. ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ರಾಯರೇ. ನನಗೆ ತಿಳಿಯದೆಯೇ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ವೇದಿಕೆಯಿಂದ ಅವರು ನನ್ನನ್ನು ನೋಡಿದರು. ಕೂತೆ.

ಭಾಷಣ ಎಂದಿನ ಹಾಗೆ ಉದ್ದವಾಗಿತ್ತು. ನಾನು ಎಂದಿನ ಹಾಗೆ ತೂಕಡಿಸಲಿಲ್ಲ.

ಮುಗಿದ ಮೇಲೆ ಮೆಟ್ಟಿಲ ಬಳಿ ಸಿಕ್ಕರು. "ಏನೋ ಹೇಳೋಕೆ ಎದ್ರಲ್ಲ ಮೇಷ್ಟ್ರೇ?"

"ಹೇಳಬೇಕು ಅನ್ನಿಸ್ತು."

"ಬೇಡ" ಎಂದು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಈ ವರ್ಷವೂ ಮೊಟ್ಟೆ ಇಟ್ಟಿದೆಯಂತೆ. ಅಮ್ಮ ಫೋನ್ ಮಾಡಿದ್ರು."

ಅವರ ಕೈಯಲ್ಲಿದ್ದ ಹಾರ, ಶಾಲು, ಹಣ್ಣಿನ ಬುಟ್ಟಿಯನ್ನು ಕೇಳದೆಯೇ ಇಸಿದುಕೊಂಡೆ. ಕೆಳಗಿಳಿಯುತ್ತಾ, ರಜೆಯಲ್ಲಿ ಒಮ್ಮೆ ನಾವು ನಾಲ್ವರೂ ರುದ್ರಪಟ್ಟಣಕ್ಕೆ ಹೋಗಿಬರೋಣವೇ ಎಂದು ಕೇಳಿದೆ. ಇಷ್ಟು ವರ್ಷಗಳಲ್ಲಿ ಎಲ್ಲಿಗಾದರೂ ಹೋಗೋಣವೆಂದು ನಾನಾಗಿ ಅವರನ್ನು ಕರೆದದ್ದು ಅದೇ ಮೊದಲು.

"ಹೋಗೋಣ" ಎಂದರು ರಾಯರು. "ಹೊಳೆ ಕಡೆ ಮಾತ್ರ ಬೇಡ. ಜಗಲಿ ಮೇಲೆ ಮಲಗೋಣ. ಗಾಳಿ ಅಲ್ಲಿಗೂ ಬರುತ್ತೆ."