ಅತ್ತೆ ಬಾಯಿ ತೆರೆದರು

ಚಮಚ ತುಟಿಗೆ ತಂದೊಡನೆ ಅತ್ತೆ ಮುಖ ತಿರುಗಿಸಿದರು. ಲಕ್ವ ಹೊಡೆದು ಮಲಗಿದ್ದ ಅವರು ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಹೀಗೇ ಆದರೆ ಕಷ್ಟ ಎಂದು ಡಾಕ್ಟರು ಹೇಳಿಹೋಗಿದ್ದರು. ಆಗಿನ್ನೂ ಜಯನಗರ ಹೊಸ ಬಡಾವಣೆ, ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ. ಗಂಜಿ ಕುಡಿಸುತ್ತಿದ್ದರೂ ನನ್ನ ಕಿವಿಯೆಲ್ಲ ಅತ್ತಲೇ. ನೀರು ಬಿದ್ದ ಸದ್ದಿಗೆ ಎದ್ದವಳು, ಅವರ ಬಾಡಿದ ಮುಖ ನೋಡಿ ಹೆದರಿ ಮತ್ತೆ ಕೂತೆ. ನೀರು ಹೋದರೆ ಹೋಗಲಿ ಎಂದು ಬಟ್ಟಲು ಕೆಳಗಿಟ್ಟು ಅವರ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅತ್ತೆ ನನ್ನತ್ತ ತಿರುಗಿ ತೊದಲಿದರು.

“ಬಂದ್ಯಾ?”

“ಆಗಿಂದ ಇಲ್ಲೇ ಇದೀನಲ್ಲಮ್ಮ.”

“ಇಲ್ಲ, ಈಗ ಬಂದೆ” ಎಂದು ಬಾಯಿ ತೆರೆದರು. ಗಂಜಿಯಷ್ಟೂ ಕುಡಿದರು.

ಅಂದು ನಾನೂ ನೆಮ್ಮದಿಯಾಗಿ ಉಂಡೆ. ಆಮೇಲೆ ಅವರ ಪಕ್ಕ ಕೂತಾಗಲೆಲ್ಲ ಮನಸ್ಸನ್ನೂ ಜೊತೆಗೆ ಕರೆದುಕೊಂಡೇ ಕೂರುತ್ತಿದ್ದೆ.